ವೈಫೈ ಮನೆ ಬದಲಾಯಿಸಿದ ರಾತ್ರಿ

ಮೈಸೂರಿನಲ್ಲಿ ನಮ್ಮ ಚಿಕ್ಕಮ್ಮ ಒಂದು ಲೇಡೀಸ್ ಪಿಜಿ ನಡೆಸ್ತಾರೆ. ನೆಲಮಹಡಿ, ಅದರ ಮೇಲೆ ಎರಡು ಪೂರ್ತಿ ಮಹಡಿ, ಆಮೇಲೆ ಸೇರಿಸಿದ ಅರ್ಧ ಮಹಡಿ. ಒಟ್ಟು ಮೂವತ್ತೆಂಟು ಹುಡುಗಿಯರು. ಊಟದ ಬಗ್ಗೆ ಯಾರೂ ದೂರು ಹೇಳಿದ್ದು ನಾನು ಕೇಳಿಲ್ಲ. ಆದರೆ ನೆಟ್ ಬಗ್ಗೆ? ಅದೊಂದು ವಿಷಯದಲ್ಲಿ ಚಿಕ್ಕಮ್ಮನಿಗೆ ಬಿಪಿ ಏರೋದು. "ಸಾರಿಗೆ ಉಪ್ಪು ಕಮ್ಮಿ ಆದ್ರೆ ನಾನು ಸರಿ ಮಾಡಬಲ್ಲೆ ಕಣೇ, ಈ ವೈಫೈ ಕಮ್ಮಿ ಆದ್ರೆ ಏನು ಮಾಡ್ಲಿ?" ಅನ್ನೋದು ಅವರ ಖಾಯಂ ಡೈಲಾಗ್. ಎರಡು ವರ್ಷದ ಹಿಂದೆ ನೆಟ್ ಸರಿ ಇಲ್ಲ ಅಂತಲೇ ಒಂದೇ ತಿಂಗಳಲ್ಲಿ ಐದು ಜನ ಖಾಲಿ ಮಾಡಿದ್ರು. ಆ ತಿಂಗಳು ಮನೆಸಾಲದ ಕಂತು ಕಟ್ಟೋಕೆ ಅವರು ಬಳೆ ಅಡ ಇಟ್ಟಿದ್ದು ನನಗೆ ತುಂಬಾ ತಡವಾಗಿ ಗೊತ್ತಾಯ್ತು.

ಆಮೇಲೆ ಒಬ್ಬ ಹುಡುಗ ಬಂದು ಎಲ್ಲ ಸರಿ ಮಾಡಿಕೊಟ್ಟ. ಒಳ್ಳೆ ಕೆಲಸಗಾರ. ಮಹಡಿಮಹಡಿಗೂ ಬಿಳಿ ತಟ್ಟೆ ಥರದ ಡಬ್ಬಿ ಹಾಕಿದ, ಒಟ್ಟು ಏಳು. ವರ್ಷಕ್ಕೊಮ್ಮೆ ಸ್ವಲ್ಪ ದುಡ್ಡು ತಗೊಂಡು ದೂರದಿಂದಲೇ ನೋಡ್ಕೊಳ್ತಿದ್ದ. ಚಿಕ್ಕಮ್ಮ ನಿಶ್ಚಿಂತೆಯಿಂದ ಇದ್ರು. ಹೋದ ವರ್ಷ ಅವನ ಮೆಸೇಜ್ ಬಂತು: "ಆಂಟಿ, ನನಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿದೆ. ತಿಂಗಳ ಕೊನೆಗೆ ನನ್ನ ಸರ್ವರ್ ನಿಲ್ಲಿಸ್ತೀನಿ. ಅಷ್ಟರೊಳಗೆ ಬೇರೆ ವ್ಯವಸ್ಥೆ ಮಾಡ್ಕೊಳ್ಳಿ."

ಚಿಕ್ಕಮ್ಮ ಅದನ್ನ ನನಗೆ ಫಾರ್ವರ್ಡ್ ಮಾಡಿ ಒಂದೇ ಸಾಲು ಬರೆದ್ರು: "ನಮ್ಮ ಮನೆ ವೈಫೈ ಅವನ ಸರ್ವರ್‌ನಲ್ಲಿ ಯಾಕಿದೆ?"

ನಾನು ನೆಟ್‌ವರ್ಕ್ ಇಂಜಿನಿಯರ್. ದಿನಾ ಇದೇ ಕೆಲಸ. ಆದರೂ ಈ ಪ್ರಶ್ನೆಗೆ ಥಟ್ ಅಂತ ಉತ್ತರ ಕೊಡೋಕೆ ಆಗ್ಲಿಲ್ಲ. ಈ ಸಲದ ಅಂಕಣ ಆ ಪ್ರಶ್ನೆಯ ಬಗ್ಗೆ, ಜೊತೆಗೆ ನಾನು ಮಾಡಿಕೊಂಡ ಒಂದು ಎಡವಟ್ಟಿನ ಬಗ್ಗೆ.

ಡಬ್ಬಿ ಒಂದು ಕಡೆ, ಬುದ್ಧಿ ಇನ್ನೊಂದು ಕಡೆ

ನಮ್ಮ ನಿಮ್ಮ ಮನೆಯ ವೈಫೈ ರೌಟರ್ ಒಂಟಿ ಸಂಸಾರಿ. ಇಂಟರ್ನೆಟ್ ತರೋದು, ಎಲ್ಲರಿಗೂ ವಿಳಾಸ ಹಂಚೋದು, ಗಾಳಿಯಲ್ಲಿ ಸಿಗ್ನಲ್ ಬಿಡೋದು ಎಲ್ಲ ಅದೇ ಮಾಡುತ್ತೆ. ಸೆಟ್ಟಿಂಗ್ಸ್ ಕೂಡ ಅದರೊಳಗೇ ಇರುತ್ತೆ. ಎರಡು ಬೆಡ್‌ರೂಮ್ ಮನೆಗೆ ಅಷ್ಟು ಸಾಕು.

ಪಿಜಿ, ಆಸ್ಪತ್ರೆ, ಕಾಲೇಜು, ಆಫೀಸ್‌ಗಳಲ್ಲಿ ಒಂದು ರೌಟರ್ ಸಾಲಲ್ಲ. ಅಲ್ಲಿ ಮೇಲ್ಛಾವಣಿಗೆ ಹಾಕೋ ಡಬ್ಬಿಗಳಿಗೆ ಆಕ್ಸೆಸ್ ಪಾಯಿಂಟ್ ಅಂತಾರೆ. ನಾವು ಬಾಯ್ಮಾತಿನಲ್ಲಿ ಎಪಿ ಅಂತೀವಿ. ಅದರ ಕೆಲಸ ಮುಖ್ಯವಾಗಿ ಒಂದೇ, ಕೇಬಲ್‌ನಲ್ಲಿ ಬಂದದ್ದನ್ನ ಗಾಳಿಗೆ ಬಿಡೋದು, ಗಾಳಿಯಲ್ಲಿ ಬಂದದ್ದನ್ನ ಕೇಬಲ್‌ಗೆ ಹಾಕೋದು. ಏಳು ಎಪಿ ಇದ್ರೆ ಏಳಕ್ಕೂ ಒಂದೊಂದಾಗಿ ಹೆಸರು, ಪಾಸ್‌ವರ್ಡ್, ಚಾನೆಲ್ ಹಾಕ್ತಾ ಕೂರೋದು ಯಾರಿಗೆ ಬೇಕು? ಅದಕ್ಕೇ ಎಲ್ಲವನ್ನೂ ಒಂದೇ ಕಡೆಯಿಂದ ನಡೆಸೋ ಒಂದು ಸಾಫ್ಟ್‌ವೇರ್ ಇರುತ್ತೆ, ಅದೇ ಕಂಟ್ರೋಲರ್. ಪಾಸ್‌ವರ್ಡ್ ಬದಲಾಯಿಸಬೇಕಾ? ಕಂಟ್ರೋಲರ್‌ನಲ್ಲಿ ಒಮ್ಮೆ ಬದಲಾಯಿಸಿದ್ರೆ ಏಳಕ್ಕೂ ಹೋಗುತ್ತೆ.

ಚಿಕ್ಕಮ್ಮನ ಪಿಜಿಯಲ್ಲಿ ಇರೋದು ಯೂಬಿಕ್ವಿಟಿ ಕಂಪನಿಯ ಯೂನಿಫೈ ಎಪಿಗಳು. ಅದರ ಕಂಟ್ರೋಲರ್ ಸಾಫ್ಟ್‌ವೇರನ್ನ ವಿಂಡೋಸ್, ಮ್ಯಾಕ್, ಲಿನಕ್ಸ್ ಯಾವ ಕಂಪ್ಯೂಟರ್‌ನಲ್ಲಿ ಬೇಕಾದ್ರೂ ಹಾಕ್ಕೋಬಹುದು. ಆ ಹುಡುಗ ಅದನ್ನ ಕ್ಲೌಡ್‌ನಲ್ಲಿ ಬಾಡಿಗೆಗೆ ತಗೊಂಡ ಸರ್ವರ್‌ನಲ್ಲಿ ಇಟ್ಟಿದ್ದ. ಅದರಲ್ಲಿ ನಮ್ಮದೊಂದೇ ಅಲ್ಲ, ಅವನ ಎಲ್ಲ ಗಿರಾಕಿಗಳ ನೆಟ್‌ವರ್ಕೂ ಇತ್ತು. ಒಬ್ಬೊಬ್ಬರಿಗೂ ಒಂದೊಂದು 'ಸೈಟ್' ಅಂತ ಮಾಡಿದ್ದ. ಇದು ತಪ್ಪೇನಲ್ಲ, ಈ ಕಸುಬಿನಲ್ಲಿ ಮಾಮೂಲಿ ಪದ್ಧತಿ. ಆದರೆ ನಮ್ಮ ಮನೆಯ ಕೀಲಿ ಅವನ ಜೇಬಿನಲ್ಲಿತ್ತು, ಅದು ನಮಗೇ ಗೊತ್ತಿರ್ಲಿಲ್ಲ ಅಷ್ಟೇ.

ಸರ್ವರ್ ನಿಲ್ಲಿಸಿದ್ರೆ ವೈಫೈ ನಿಂತು ಹೋಗುತ್ತಾ ಅಂತ ಚಿಕ್ಕಮ್ಮ ಕೇಳಿದ್ರು. ಇಲ್ಲ. ಈ ಎಪಿಗಳು ಒಮ್ಮೆ ಕಲಿತ ಸೆಟ್ಟಿಂಗ್ಸ್ ನೆನಪಿಟ್ಕೊಂಡು ತಮ್ಮ ಪಾಡಿಗೆ ಕೆಲಸ ಮಾಡ್ತಾನೇ ಇರ್ತವೆ. ಅತಿಥಿಗಳಿಗೆ ಲಾಗಿನ್ ಪುಟ ತೋರಿಸೋಂಥ ಒಂದೆರಡು ಸೌಲಭ್ಯ ಬಿಟ್ರೆ ಉಳಿದದ್ದೆಲ್ಲ ನಡೆಯುತ್ತೆ. ಅಪಾಯ ಇರೋದೂ ಅದರಲ್ಲೇ. ಎಲ್ಲ ಸರಿ ಇದೆ ಅಂತಲೇ ಅನ್ಸುತ್ತೆ. ಆರು ತಿಂಗಳ ನಂತರ ಪಾಸ್‌ವರ್ಡ್ ಬದಲಾಯಿಸ್ಬೇಕು ಅಂದಾಗ, ಅಥವಾ ಒಂದು ಎಪಿ ಕೆಟ್ಟು ಹೊಸದು ತಂದಾಗ, ನಮ್ಮ ಮನೆಗೆ ನಾವೇ ಪರಕೀಯರು.

ಟಿಸಿ ಇಲ್ಲದೆ ಬೇರೆ ಶಾಲೆಗೆ ಸೇರಿಸ್ಕೊಳ್ಳಲ್ಲ

ಎಪಿಗೂ ಕಂಟ್ರೋಲರ್‌ಗೂ ಇರೋ ಸಂಬಂಧ ಒಂಥರಾ ಶಾಲೆಯ ದಾಖಲಾತಿ ಇದ್ದ ಹಾಗೆ. ಡಬ್ಬಿ ಬಿಚ್ಚಿದ ಹೊಸ ಎಪಿಯನ್ನ ಕಂಟ್ರೋಲರ್ 'ಅಡಾಪ್ಟ್' ಮಾಡ್ಕೊಳ್ಳುತ್ತೆ. ಆವಾಗ ಇಬ್ಬರ ನಡುವೆ ಒಂದು ಗುಟ್ಟಿನ ಕೀಲಿ ಹಂಚಿಕೆಯಾಗುತ್ತೆ. ಅಲ್ಲಿಂದ ಎಪಿ ಆಗಾಗ ಫೋನ್ ಮಾಡಿ "ಹಾಜರಿದ್ದೀನಿ" ಅಂತಿರುತ್ತೆ. ಯೂನಿಫೈನಲ್ಲಿ ಈ ಫೋನ್ ಹೋಗೋ ವಿಳಾಸಕ್ಕೆ ಇನ್‌ಫಾರ್ಮ್ ಯುಆರ್‌ಎಲ್ ಅಂತಾರೆ. ಮಾಮೂಲಾಗಿ ಅದು ಕಂಟ್ರೋಲರ್‌ನ 8080 ಪೋರ್ಟ್‌ಗೆ ಹೋಗುತ್ತೆ.

ಬೇರೊಂದು ಕಂಟ್ರೋಲರ್ ಬಂದು "ನಾನು ನಿನ್ನ ಹೊಸ ಯಜಮಾನ" ಅಂದ್ರೆ ಎಪಿ ಒಪ್ಪಲ್ಲ. ಹೊಸ ಕಂಟ್ರೋಲರ್‌ಗೂ ಆ ಎಪಿ ಕಾಣುತ್ತೆ, ಆದರೆ "ಇದು ಬೇರೆಯವರ ಸುಪರ್ದಿಯಲ್ಲಿದೆ" ಅಂತಲೇ ತೋರಿಸುತ್ತೆ. ಹಾಗಿಲ್ಲದಿದ್ರೆ ಪಕ್ಕದ ಕಟ್ಟಡದವರು ಯಾರು ಬೇಕಾದ್ರೂ ನಮ್ಮ ಎಪಿ ಎಗರಿಸಬಹುದಿತ್ತಲ್ಲ!

ಹಾಗಾಗಿ ಮೂರು ದಾರಿ. ಒಂದು, ಹಳೆ ಕಂಟ್ರೋಲರ್‌ನ ಪೂರ್ತಿ ಬ್ಯಾಕಪ್ ತಗೊಂಡು ಹೊಸದರಲ್ಲಿ ಹಾಕೋದು. ಗುಟ್ಟಿನ ಕೀಲಿಗಳೂ ಅದರಲ್ಲೇ ಬರುತ್ತೆ. ಎರಡು, ನಮ್ಮ ಸೈಟ್ ಮಾತ್ರ ಎಕ್ಸ್‌ಪೋರ್ಟ್ ಮಾಡಿಸೋದು. ಇದು ಟಿಸಿ ತಗೊಂಡ ಹಾಗೆ. ಮೂರು, ಇದ್ಯಾವುದೂ ಸಿಗದಿದ್ರೆ ಪ್ರತಿ ಎಪಿಯ ಸಣ್ಣ ತೂತಿಗೆ ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತಿ, ಎಲ್ಲ ಅಳಿಸಿ, ಮೊದಲಿಂದ ಶುರು ಮಾಡೋದು.

ಪೂರ್ತಿ ಬ್ಯಾಕಪ್‌ನಲ್ಲಿ ಬೇರೆ ಗಿರಾಕಿಗಳ ಮಾಹಿತಿಯೂ ಇರುತ್ತೆ, ಅದನ್ನ ಕೇಳೋದು ತಪ್ಪು, ಅವನು ಕೊಡೋದೂ ತಪ್ಪು. ಹಾಗಾಗಿ ಎರಡನೇ ದಾರಿ ಆಯ್ಕೆ ಮಾಡಿದ್ವಿ. ಹುಡುಗ ಖುಷಿಯಿಂದ ಒಪ್ಪಿದ. "ಅಕ್ಕ, ಶನಿವಾರ ರಾತ್ರಿ ಹನ್ನೆರಡಕ್ಕೆ ಕೂರೋಣ, ಎಲ್ಲರೂ ಮಲಗಿರ್ತಾರೆ" ಅಂದ. ನಾನೂ ಹೂಂ ಅಂದೆ.

ಆ "ಎಲ್ಲರೂ ಮಲಗಿರ್ತಾರೆ" ಅನ್ನೋ ಮಾತಿದೆಯಲ್ಲ, ಅದನ್ನ ನಾವಿಬ್ಬರೂ ಯಾರನ್ನೂ ಕೇಳದೆ ನಂಬಿದ್ವಿ.

ಶನಿವಾರ ರಾತ್ರಿ

ಚಿಕ್ಕಮ್ಮನ ಆಫೀಸ್ ರೂಮಿನಲ್ಲಿ ದೇವರ ಫೋಟೋ ಕೆಳಗಿನ ಶೆಲ್ಫ್‌ನಲ್ಲಿ ಒಂದು ಪುಟ್ಟ ಕಂಪ್ಯೂಟರ್ ಇಟ್ಟೆ. ಲಿನಕ್ಸ್ ಹಾಕಿದೆ, ಯುಪಿಎಸ್‌ಗೆ ಸೇರಿಸಿದೆ. ಅದರ ವಿಳಾಸ ಯಾವತ್ತೂ ಬದಲಾಗದ ಹಾಗೆ ರೌಟರ್‌ನಲ್ಲಿ 192.168.1.10 ಅಂತ ಕಾಯ್ದಿರಿಸಿದೆ. ಇದು ಸಣ್ಣ ವಿಷಯ ಅನ್ಸುತ್ತೆ. ಆದರೆ ಕರೆಂಟ್ ಹೋಗಿ ಬಂದಾಗ ಕಂಟ್ರೋಲರ್‌ಗೆ ಬೇರೆ ವಿಳಾಸ ಸಿಕ್ಕಿದ್ರೆ, ಏಳು ಎಪಿಗಳೂ ಹಳೆ ವಿಳಾಸಕ್ಕೇ ಫೋನ್ ಮಾಡ್ತಾ ಕೂತಿರ್ತವೆ.

ಹುಡುಗ ಸೈಟ್ ಫೈಲ್ ಕಳಿಸಿದ. ಹೊಸ ಕಂಟ್ರೋಲರ್ ಅದನ್ನ ತಗೊಳ್ಳಲೇ ಇಲ್ಲ. ನಾನು ಹಾಕಿದ್ದ ಸಾಫ್ಟ್‌ವೇರ್ ಅವನದಕ್ಕಿಂತ ಹಳೆಯದು. ಹೊಸ ಮನೆ ಯಾವಾಗಲೂ ಹಳೆ ಮನೆಯಷ್ಟಾದರೂ ಹೊಸ ಆವೃತ್ತಿಯದ್ದಾಗಿರಬೇಕು, ಹಿಂದಕ್ಕೆ ಹೋಗೋಕಾಗಲ್ಲ. ಅಪ್‌ಡೇಟ್ ಮಾಡಿದೆ, ಫೈಲ್ ಒಳಗೆ ಹೋಯ್ತು. ವೈಫೈ ಹೆಸರು, ಪಾಸ್‌ವರ್ಡ್, ದೇಶ ಭಾರತ ಅನ್ನೋ ಸೆಟ್ಟಿಂಗ್, ಎಪಿಗಳ ಹೆಸರು ಎಲ್ಲ ಬಂತು. ದೇಶದ ಸೆಟ್ಟಿಂಗ್ ಯಾಕೆ ಮುಖ್ಯ ಅಂದ್ರೆ, ಯಾವ ಚಾನೆಲ್ ಎಷ್ಟು ಶಕ್ತಿಯಲ್ಲಿ ಬಳಸಬಹುದು ಅನ್ನೋ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಹೊಸದಾಗಿ ಸೆಟಪ್ ಮಾಡೋರು ಅವಸರದಲ್ಲಿ ಬೇರೆ ದೇಶ ಹಾಗೇ ಬಿಟ್ಟುಬಿಡ್ತಾರೆ.

ಮೊದಲು ಊಟದ ಹಾಲ್‌ನ ಎಪಿ ಒಂದನ್ನೇ ಕಳಿಸಿದ್ವಿ. ಅವನು ತನ್ನ ಕಂಟ್ರೋಲರ್‌ನಲ್ಲಿ ಹೊಸ ವಿಳಾಸ ಕೊಟ್ಟ. ಎರಡು ನಿಮಿಷ. ನನ್ನ ಪರದೆಯಲ್ಲಿ ಹಸಿರು ಚುಕ್ಕೆ. ನನ್ನ ಫೋನ್‌ನಲ್ಲಿ ವೈಫೈ ಒಮ್ಮೆ ಹೋಗಿ ಮತ್ತೆ ಬಂತು. ಹೆಸರೂ ಪಾಸ್‌ವರ್ಡೂ ಅದೇ ಆದ್ದರಿಂದ ಫೋನಿಗೆ ಏನೂ ಗೊತ್ತಾಗಲ್ಲ. ಚಿಕ್ಕಮ್ಮ ಬಾದಾಮಿ ಹಾಲು ತಂದುಕೊಟ್ರು. "ಇಷ್ಟೇನಾ?" ಅಂದ್ರು. "ಇಷ್ಟೇ" ಅಂದೆ.

ಅಷ್ಟರ ಮೇಲೆ ಧೈರ್ಯ ಬಂತು. ಉಳಿದ ಆರನ್ನೂ ಒಟ್ಟಿಗೆ ಕಳಿಸು ಅಂದೆ. ಸ್ವಲ್ಪ ಹೊತ್ತು ಕಾದ್ವಿ. ನನ್ನ ಪಟ್ಟಿಯಲ್ಲಿ ಏಳು ಹೆಸರಿತ್ತು. ಅವನು ಫೋನ್‌ನಲ್ಲಿ ಕೇಳಿದ: "ಅಕ್ಕ, ಏಳೂ ಬಂತಾ? ನಾನು ಇಲ್ಲಿಂದ ಫರ್ಗೆಟ್ ಕೊಡ್ಲಾ?"

"ಬಂತು, ಕೊಡು."

ಫರ್ಗೆಟ್ ಅಂದ್ರೆ ಹಾಜರಿ ಪುಸ್ತಕದಿಂದ ಹೆಸರು ಹೊಡೆದು ಹಾಕೋದು. ಎಪಿ ಆಗಲೇ ಬೇರೆ ಕಂಟ್ರೋಲರ್‌ಗೆ ಹೋಗಿದ್ರೆ ಅದಕ್ಕೇನೂ ಆಗಲ್ಲ. ಇನ್ನೂ ಹಳೆಯದಕ್ಕೇ ಅಂಟಿಕೊಂಡಿದ್ರೆ ಮಾತ್ರ ಕಥೆ ಬೇರೆ, ಅದು ಎಲ್ಲ ಮರೆತು ಫ್ಯಾಕ್ಟರಿಯಿಂದ ಬಂದ ದಿನದ ಸ್ಥಿತಿಗೆ ಹೋಗುತ್ತೆ.

ನನ್ನ ಪಟ್ಟಿಯಲ್ಲಿ ಏಳು ಹೆಸರಿತ್ತು ನಿಜ. ಆದರೆ ಸೈಟ್ ಫೈಲ್ ಜೊತೆಗೆ ಹೆಸರುಗಳು ಮೊದಲೇ ಬಂದಿದ್ವು. ಹಸಿರು ಚುಕ್ಕೆ ಇದ್ದದ್ದು ಆರರ ಪಕ್ಕ. ನಾನು ಹೆಸರು ಎಣಿಸಿದೆ, ಚುಕ್ಕೆ ಎಣಿಸಲಿಲ್ಲ. ಅವನ ಪರದೆಯಲ್ಲಿ ಆ ಒಂದು ಇನ್ನೂ ಹಸಿರಾಗೇ ಇತ್ತು, ಆದರೆ ನಾನು "ಬಂತು" ಅಂದಿದ್ದೆ, ಅವನು ನೋಡಲಿಲ್ಲ.

ಒಂದು ನಿಮಿಷಕ್ಕೆ ಮೂರನೇ ಮಹಡಿಯಿಂದ ಮೆಟ್ಟಿಲು ಇಳಿದು ಬರೋ ಸದ್ದು ಕೇಳಿಸ್ತು. ಹೆಡ್‌ಸೆಟ್ ಕತ್ತಿಗೆ ಹಾಕ್ಕೊಂಡು ಒಬ್ಬಳು ಹುಡುಗಿ. ಕಣ್ಣಲ್ಲಿ ನೀರಿತ್ತೋ ಸಿಟ್ಟಿತ್ತೋ ಹೇಳೋಕಾಗಲ್ಲ. "ಆಂಟಿ, ನೆಟ್ ಹೋಯ್ತು. ನಾನು ಕ್ಲೈಂಟ್ ಕಾಲ್‌ನಲ್ಲಿದ್ದೆ."

ಅಮೆರಿಕದ ಟೀಮ್ ಜೊತೆ ರಾತ್ರಿ ಪಾಳಿ. ಕೆಲಸಕ್ಕೆ ಸೇರಿ ಮೂರು ತಿಂಗಳು, ಇನ್ನೂ ಪ್ರೊಬೇಷನ್. ಆ ರಾತ್ರಿ ಏನೋ ರಿಲೀಸ್ ಇದ್ದಿದ್ದರಿಂದ ಶನಿವಾರವೂ ಕೆಲಸ. ಅವಳ ಪಾಲಿಗೆ ರಾತ್ರಿ ಹನ್ನೆರಡೂವರೆ ಅಂದ್ರೆ ನಮ್ಮ ನಡುಮಧ್ಯಾಹ್ನ.

ಬೆಣ್ಣೆ ಕೈಯಲ್ಲಿಟ್ಕೊಂಡು ತುಪ್ಪಕ್ಕೆ ಅಲೆದದ್ದು

ಅವಳನ್ನ ಊಟದ ಹಾಲ್‌ಗೆ ಕೂರಿಸಿ, ಕೆಳಗಿನ ವೈಫೈಗೆ ಹಾಕಿಕೊಟ್ಟೆ. ಆದ್ರೂ ಆಫೀಸಿನ ವಿಪಿಎನ್ ಮತ್ತೆ ಲಾಗಿನ್ ಆಗಿ, ಕಾಲ್ ಸೇರೋಷ್ಟರಲ್ಲಿ ಹನ್ನೊಂದು ನಿಮಿಷ ಹೋಗಿತ್ತು. ಅವಳ ಎರಡನೇ ಮಾನಿಟರ್, ಚಾರ್ಜರ್ ಎಲ್ಲ ಮೇಲಿದ್ವು. ಅವಳು ಸುಮ್ಮನೆ ಕೂತು ಕೆಲಸ ಮಾಡಿದಳು, ನನ್ನ ಕಡೆ ನೋಡಲಿಲ್ಲ.

ನಾನು ಪಿನ್ ಹಿಡ್ಕೊಂಡು ಮೂರನೇ ಮಹಡಿಗೆ ಓಡಿದೆ. ಚಿಕ್ಕಮ್ಮ ಏಣಿ ಹಿಡಿದ್ರು. ಮೇಲೆ ಹತ್ತಿ ರಿಸೆಟ್ ತೂತು ಹುಡುಕ್ತಾ ಇದ್ದಾಗ ಕಣ್ಣಿಗೆ ಬಿತ್ತು, ಎಪಿಯ ದೀಪ ಬಿಳಿ. ನೀಲಿ ಅಂದ್ರೆ ಕಂಟ್ರೋಲರ್‌ಗೆ ಸೇರಿ ಕೆಲಸ ಮಾಡ್ತಿದೆ. ಸ್ಥಿರ ಬಿಳಿ ಅಂದ್ರೆ ಎಲ್ಲ ಅಳಿಸಿ, ಯಾರಾದ್ರೂ ಸೇರಿಸ್ಕೊಳ್ಳಲಿ ಅಂತ ಕಾಯ್ತಿದೆ. ರಿಸೆಟ್ ಆಗಲೇ ಆಗಿದೆ! ಏಣಿ ಬೇಕೇ ಇರ್ಲಿಲ್ಲ, ನೆಲದ ಮೇಲೆ ನಿಂತು ಕತ್ತೆತ್ತಿದ್ರೆ ಸಾಕಿತ್ತು.

ಹಾಗಿದ್ರೆ ನನ್ನ ಕಂಟ್ರೋಲರ್‌ಗೆ ಯಾಕೆ ಕಾಣ್ತಿಲ್ಲ? ಒಂದೇ ನೆಟ್‌ವರ್ಕ್‌ನಲ್ಲಿದ್ರೆ ತಾನಾಗೇ ಕಾಣಬೇಕು.

"ಚಿಕ್ಕಮ್ಮ, ಈ ಮಹಡಿಗೆ ವೈರ್ ಎಲ್ಲಿಂದ ಬಂದಿದೆ?"

"ಇದಕ್ಕೆ ಬೇರೆ ಕನೆಕ್ಷನ್ ಕಣೇ. ಹೋದ ವರ್ಷ ಮೇಲಿನವರಿಗೆ ಸ್ಪೀಡ್ ಸಾಲಲ್ಲ ಅಂದ್ರು, ಇನ್ನೊಂದು ಬ್ರಾಡ್‌ಬ್ಯಾಂಡ್ ಹಾಕಿಸಿದೆ. ನಿಂಗೆ ಹೇಳಿಲ್ವಾ?"

ಹೇಳಿರ್ಲಿಲ್ಲ. ನಾನೂ ಕೇಳಿರ್ಲಿಲ್ಲ.

ಈಗ ಎಲ್ಲ ಬಿಡಿಸಿಕೊಳ್ತು. ಹಳೆ ಕಂಟ್ರೋಲರ್ ಇದ್ದದ್ದು ಇಂಟರ್ನೆಟ್‌ನಲ್ಲಿ. ಅಲ್ಲಿಗೆ ಯಾವ ಕನೆಕ್ಷನ್‌ನಿಂದ ಬೇಕಾದ್ರೂ ಹೋಗಬಹುದು. ಹೊಸ ಕಂಟ್ರೋಲರ್‌ನ 192.168.1.10 ಅನ್ನೋದು ಖಾಸಗಿ ವಿಳಾಸ. 192.168ರಿಂದ ಶುರುವಾಗೋ ವಿಳಾಸಗಳು ಆಯಾ ಮನೆಯೊಳಗೆ ಮಾತ್ರ ಚಲಾವಣೆ. ಎರಡನೇ ಬ್ರಾಡ್‌ಬ್ಯಾಂಡ್ ಅಂದ್ರೆ ನೆಟ್‌ವರ್ಕ್ ಲೆಕ್ಕದಲ್ಲಿ ಎರಡನೇ ಮನೆ. ಮೂರನೇ ಮಹಡಿಯ ಎಪಿಗೆ ಕ್ಲೌಡ್‌ವರೆಗೆ ಹೋಗೋಕೆ ದಾರಿ ಇತ್ತು, ಅದೇ ಕಟ್ಟಡದ ಕೆಳಗಿನ ರೂಮಿಗೆ ಬರೋಕೆ ದಾರಿ ಇರ್ಲಿಲ್ಲ. ಅದು ಹೊಸ ಬಾಗಿಲು ತಟ್ಟಿ, ಯಾರೂ ತೆಗೆಯದೆ, ಹಳೆ ಮನೆಗೇ ವಾಪಸ್ ಹೋಗಿತ್ತು. ಅಷ್ಟರಲ್ಲಿ ನಾನು "ಕೊಡು" ಅಂದಿದ್ದೆ.

ಪುಣ್ಯಕ್ಕೆ ಎರಡೂ ಮೋಡೆಮ್ ಇದ್ದದ್ದು ಆಫೀಸ್ ರೂಮಿನಲ್ಲೇ. ಮೂರನೇ ಮಹಡಿಗೆ ಹೋಗೋ ಕೇಬಲ್‌ನ ಎರಡನೇ ಮೋಡೆಮ್‌ನಿಂದ ಕಿತ್ತು ಮುಖ್ಯ ಸ್ವಿಚ್‌ಗೆ ಚುಚ್ಚಿದೆ. ಒಂದು ನಿಮಿಷ ಕಳೆದಿರಲಿಲ್ಲ, ಪರದೆಯಲ್ಲಿ ಹೊಸ ಎಪಿ ಪ್ರತ್ಯಕ್ಷ. ಹಳೆ ಹೆಸರು ಅಳಿಸಿ ಹೊಸದಾಗಿ ಅಡಾಪ್ಟ್ ಮಾಡ್ಕೊಂಡೆ. ದೀಪ ನೀಲಿಗೆ ತಿರುಗಿದಾಗ ಗಂಟೆ ಒಂದೂವರೆ. ಮೇಲೆ ಹೋಗಿ ಅವಳ ರೂಮಿನ ಬಾಗಿಲಲ್ಲಿ ನಿಂತು ಸಿಗ್ನಲ್ ನೋಡಿ ಬಂದು "ಈಗ ಬರುತ್ತೆ, ಮೇಲೆ ಹೋಗಬಹುದು" ಅಂದೆ. "ಪರವಾಗಿಲ್ಲ ಅಕ್ಕ, ಕಾಲ್ ಮುಗೀತು" ಅಂದಳು.

ಬೆಳಗ್ಗೆ ಕಾಫಿಗೆ ಬಂದಾಗ ಅವಳ ಹತ್ರ ಕ್ಷಮೆ ಕೇಳಿದೆ. "ನಿನ್ನ ಮ್ಯಾನೇಜರ್‌ಗೆ ನಾನು ಬೇಕಿದ್ರೆ ಮೇಲ್ ಹಾಕ್ತೀನಿ, ತಪ್ಪು ನಂದು ಅಂತ" ಅಂದೆ. ಅವಳು ಬೇಡ ಅಂದಳು. ಆಮೇಲೆ ಒಂದು ಮಾತು ಹೇಳಿದಳು: "ಅಕ್ಕ, ಹನ್ನೆರಡು ಗಂಟೆಗೆ ಮಾಡ್ತೀವಿ ಅಂತ ಮೊದಲೇ ಗ್ರೂಪ್‌ನಲ್ಲಿ ಹಾಕಿದ್ರೆ ನಾನು ಫ್ರೆಂಡ್ ಮನೆಗೆ ಹೋಗ್ತಿದ್ದೆ." ಅಷ್ಟೇ. ಅದಕ್ಕಿಂತ ಸರಿಯಾದ ಫೀಡ್‌ಬ್ಯಾಕ್ ನನಗೆ ಆಫೀಸ್‌ನಲ್ಲೂ ಸಿಕ್ಕಿಲ್ಲ.

ಆಫೀಸ್‌ನಲ್ಲಿ ಮಾಡೋದನ್ನ ಮನೆಯಲ್ಲಿ ಯಾಕೆ ಮಾಡಲ್ಲ?

ನನಗೆ ನಾಚಿಕೆಯಾಗಿದ್ದು ಇದಕ್ಕೇ. ಆಫೀಸ್‌ನಲ್ಲಿ ಇದೇ ಕೆಲಸವನ್ನ ನೂರಾರು ಎಪಿಗಳಿಗೆ ಮಾಡ್ತೀವಿ. ಅಲ್ಲಿ ಎಷ್ಟು ಎಚ್ಚರಿಕೆ ಗೊತ್ತಾ?

ದೊಡ್ಡ ಕಂಪನಿಗಳ ನೆಟ್‌ವರ್ಕ್‌ನಲ್ಲಿ ಎಪಿ ಮತ್ತು ಕಂಟ್ರೋಲರ್ ಮಾತಾಡೋಕೆ ಕ್ಯಾಪ್‌ವ್ಯಾಪ್ ಅನ್ನೋ ಭಾಷೆ ಇದೆ, 2009ರಲ್ಲಿ ಪ್ರಮಾಣಿತವಾದದ್ದು. ಯುಡಿಪಿ 5246ನೇ ಪೋರ್ಟ್‌ನಲ್ಲಿ ಹುಕುಂಗಳು, 5247ರಲ್ಲಿ ಜನರ ಡೇಟಾ. ಅನೇಕ ಕಡೆ ಜನರ ಡೇಟಾ ಪೂರ್ತಿ ಕಂಟ್ರೋಲರ್ ಮೂಲಕವೇ ಹಾದು ಹೋಗುತ್ತೆ. ಅಂಥ ಕಡೆ ಕಂಟ್ರೋಲರ್ ಬಿದ್ರೆ ವೈಫೈಯೂ ಬಿತ್ತು. ಅದಕ್ಕೇ ಸಿಸ್ಕೊ ಥರದ ವ್ಯವಸ್ಥೆಗಳಲ್ಲಿ ಪ್ರತಿ ಎಪಿಗೂ ಮೊದಲನೇ, ಎರಡನೇ, ಮೂರನೇ ಕಂಟ್ರೋಲರ್ ಅಂತ ಬರೆದಿಡ್ತಾರೆ. ಒಂದು ಕೈಕೊಟ್ರೆ ಇನ್ನೊಂದು.

ಅಲ್ಲಿ ವಲಸೆ ಅಂದ್ರೆ ಎಪಿಯ ಮೊದಲನೇ ಕಂಟ್ರೋಲರ್ ಯಾವುದು ಅನ್ನೋದನ್ನ ಬದಲಾಯಿಸೋದು. ಹಳೆಯದು ಎರಡನೇ ಸ್ಥಾನದಲ್ಲಿ ಇದ್ದೇ ಇರುತ್ತೆ, ಏನಾದ್ರೂ ಆದ್ರೆ ಎಪಿ ಅಲ್ಲಿಗೆ ವಾಪಸ್. ಹೊಸ ಎಪಿಗಳಿಗೆ ಕಂಟ್ರೋಲರ್ ಎಲ್ಲಿದೆ ಅಂತ ಡಿಎಚ್‌ಸಿಪಿಯ 43ನೇ ಆಪ್ಷನ್‌ನಲ್ಲೋ ಡಿಎನ್‌ಎಸ್ ಹೆಸರಿನಲ್ಲೋ ಹೇಳಿಕೊಡ್ತೀವಿ. ವಲಸೆಗೆ ಮುಂಚೆ ಮೂರು ವಿಷಯ ನೋಡ್ಲೇಬೇಕು.

ಮೊದಲನೆಯದು, ನಮ್ಮ ಹಳೆ ಮಾಡೆಲ್‌ನ ಎಪಿಗಳನ್ನ ಹೊಸ ಕಂಟ್ರೋಲರ್ ಒಪ್ಪುತ್ತಾ? ಎಷ್ಟೋ ಸಲ ಒಪ್ಪಲ್ಲ. ಎರಡನೆಯದು, ಎರಡರ ಸಾಫ್ಟ್‌ವೇರ್ ಆವೃತ್ತಿ ಬೇರೆ ಇದ್ರೆ ಎಪಿ ಹೊಸ ಸಾಫ್ಟ್‌ವೇರ್ ಇಳಿಸ್ಕೊಂಡು ರೀಸ್ಟಾರ್ಟ್ ಆಗುತ್ತೆ. ಒಂದು ಎಪಿಗೆ ಅದು ಕೆಲವೇ ನಿಮಿಷ, ಆದರೆ ಸಣ್ಣ ಲೈನ್ ಇರೋ ಬ್ರಾಂಚ್‌ನಲ್ಲಿ ಐವತ್ತು ಎಪಿ ಒಟ್ಟಿಗೆ ಇಳಿಸ್ಕೊಳ್ಳೋಕೆ ಹೋದ್ರೆ ಬೆಳಗಾಗುತ್ತೆ. ಮೂರನೆಯದು ಗಡಿಯಾರ. ಎಪಿಯೂ ಕಂಟ್ರೋಲರೂ ಪ್ರಮಾಣಪತ್ರ ತೋರಿಸಿ ಒಬ್ಬರನ್ನೊಬ್ಬರು ನಂಬ್ತವೆ. ಆ ಪತ್ರಕ್ಕೆ ಅವಧಿ ಇರುತ್ತೆ. ಕಂಟ್ರೋಲರ್‌ನ ದಿನಾಂಕ ತಪ್ಪಿದ್ರೆ ಅಥವಾ ಹಳೆ ಪತ್ರದ ಅವಧಿ ಮುಗಿದಿದ್ರೆ, ವೈರ್ ಎಲ್ಲ ಸರಿ ಇದ್ರೂ ಎಪಿ ಸೇರಲ್ಲ. ಮೊದಲ ಸಲ ನೋಡಿದವರು ತಲೆ ಕೆರ್ಕೊಳ್ತಾರೆ.

ಇಷ್ಟೆಲ್ಲ ಗೊತ್ತಿದ್ದೂ ಚಿಕ್ಕಮ್ಮನ ಪಿಜಿಯಲ್ಲಿ ನಾನು ಒಂದು ಕಾಗದದ ಮೇಲೆ ನಕ್ಷೆ ಕೂಡ ಹಾಕಿರ್ಲಿಲ್ಲ. "ಏಳೇ ಎಪಿ ತಾನೇ" ಅಂತ. ಆಫೀಸ್‌ನಲ್ಲಿ ಇದೇ ಕೆಲಸಕ್ಕೆ ವಾರ ಮುಂಚೆ ಮೇಲ್ ಹೋಗುತ್ತೆ, ಯಾರಿಗೆ ತೊಂದರೆ ಅಂತ ಕೇಳ್ತೀವಿ, ವಾಪಸ್ ಹೋಗೋ ದಾರಿ ಬರೆದಿಡ್ತೀವಿ. ಮನೆಯವರ ಕೆಲಸ ಅಂದ ತಕ್ಷಣ ಅದೆಲ್ಲ ಅತಿ ಅನ್ಸಿಬಿಡುತ್ತೆ. ಸಂಬಳ ಕೊಡೋರಿಗೆ ಕೊಟ್ಟ ಮರ್ಯಾದೆ ಬಾದಾಮಿ ಹಾಲು ಕೊಟ್ಟವರಿಗೆ ಕೊಡಲಿಲ್ಲ ನಾನು.

ನಿಮಗೆ ಉಪಯೋಗ ಆಗಬಹುದಾದ ಕೆಲವು ಮಾತು

ಓದ್ತಿರೋ ನಿಮ್ಮಲ್ಲಿ ಅನೇಕರು ಪಿಜಿಯಲ್ಲೋ ಅಪಾರ್ಟ್‌ಮೆಂಟ್‌ನಲ್ಲೋ ಇರೋರು. ಊರಲ್ಲಿ ಅಪ್ಪನ ಅಂಗಡಿಗೋ ಅತ್ತೆಯ ಕ್ಲಿನಿಕ್ಕಿಗೋ ವೈಫೈ ಹಾಕಿಸಿಕೊಟ್ಟವರು ನೀವೇ ಇರಬಹುದು. ಹಾಗಾಗಿ:

ಕಂಟ್ರೋಲರ್ ಎಲ್ಲಿದೆ, ಅದರ ಅಡ್ಮಿನ್ ಲಾಗಿನ್ ಯಾರ ಹೆಸರಲ್ಲಿದೆ ಅಂತ ಇವತ್ತೇ ಕೇಳಿ. ನೋಡ್ಕೊಳ್ಳೋಕೆ ಬೇರೆಯವರಿಗೆ ಕೊಡೋದು ತಪ್ಪಲ್ಲ, ಆದರೆ ಯಜಮಾನರ ಹೆಸರಲ್ಲೂ ಒಂದು ಅಡ್ಮಿನ್ ಇರಲಿ. ಸಂಬಂಧ ಚೆನ್ನಾಗಿರುವಾಗಲೇ ಕೇಳಿ, ಆಗ ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ವೈರ್‌ಗಳ ಜಾಡು ಹಿಡಿದು ಒಂದು ಸಾದಾ ನಕ್ಷೆ ಬರೆಯಿರಿ. ಯಾವ ಎಪಿ, ಯಾವ ಸ್ವಿಚ್, ಯಾವ ಕನೆಕ್ಷನ್. ನನ್ನ ಒಂದೂವರೆ ಗಂಟೆ ಉಳಿಸ್ತಿದ್ದದ್ದು ಇದೊಂದೇ ಹಾಳೆ.

ಒಂದು ಎಪಿ ಮೊದಲು, ಉಳಿದದ್ದು ಆಮೇಲೆ. ಆ ಒಂದು ಬೇರೆ ಬೇರೆ ಜಾಗದಿಂದ ಇರಲಿ. ನಾನು ಊಟದ ಹಾಲ್‌ನ ಒಂದನ್ನ ನೋಡಿ ಎಲ್ಲ ಹೀಗೇ ಅಂದುಕೊಂಡೆ. ಮಹಡಿಗೊಂದು ಪರೀಕ್ಷೆ ಮಾಡಿದ್ರೆ ಮೂರನೇ ಮಹಡಿಯ ಸಮಸ್ಯೆ ಯಾರಿಗೂ ತೊಂದರೆ ಇಲ್ಲದೆ ಗೊತ್ತಾಗ್ತಿತ್ತು.

ಹಳೆಯದನ್ನ ಅಳಿಸೋಕೆ ಅವಸರ ಬೇಡ. ಹೊಸ ಕಡೆ ಎಷ್ಟು ಹಸಿರು, ಹಳೆ ಕಡೆ ಎಷ್ಟು ಹಸಿರು, ಎರಡನ್ನೂ ಜೋರಾಗಿ ಓದಿ ಹೇಳ್ಕೊಳ್ಳಿ. ಹಳೆಯದರಲ್ಲಿ ಸೊನ್ನೆ ಬರೋವರೆಗೆ ಫರ್ಗೆಟ್ ಮುಟ್ಟಬೇಡಿ. ಸಾಧ್ಯ ಇದ್ರೆ ಒಂದು ವಾರ ಹಾಗೇ ಬಿಡಿ.

ಬ್ಯಾಕಪ್ ಕಂಟ್ರೋಲರ್ ಇರೋ ಕಂಪ್ಯೂಟರ್‌ನಲ್ಲೇ ಇದ್ರೆ ಅದು ಬ್ಯಾಕಪ್ ಅಲ್ಲ. ಪೆನ್‌ಡ್ರೈವ್‌ಗೋ ಮೇಲ್‌ಗೋ ಒಂದು ಪ್ರತಿ ಹೋಗಲಿ.

ಕೊನೆಯದಾಗಿ, ಎಷ್ಟು ಹೊತ್ತಿಗೆ ಮಾಡ್ತೀರಿ ಅಂತ ಅಲ್ಲಿ ಇರೋರನ್ನ ಕೇಳಿ. ನಮ್ಮ ರಾತ್ರಿ ಎಲ್ಲರ ರಾತ್ರಿ ಅಲ್ಲ.

ಚಿಕ್ಕಮ್ಮನ ಪುಸ್ತಕ

ಮರುದಿನ ಎರಡೂ ಬ್ರಾಡ್‌ಬ್ಯಾಂಡ್‌ಗಳನ್ನ ಒಂದೇ ರೌಟರ್‌ಗೆ ಸೇರಿಸಿದೆ. ಈಗ ಇಡೀ ಪಿಜಿ ಒಂದೇ ಮನೆ. ಒಂದು ಕನೆಕ್ಷನ್ ಹೋದ್ರೆ ಇನ್ನೊಂದು ನಡೆಸುತ್ತೆ. ಅಂದ್ರೆ ಎಡವಟ್ಟಿನಿಂದ ಒಂದು ಒಳ್ಳೆಯದೂ ಆಯ್ತು ಅನ್ನಿ.

ಹುಡುಗ ಒಂದು ವಾರ ಕಾದು, ನನ್ನನ್ನ ಎರಡು ಸಲ ಕೇಳಿ, ಆಮೇಲೆ ನಮ್ಮ ಸೈಟ್ ಅಳಿಸಿದ. ಉಳಿದ ಗಿರಾಕಿಗಳಿಗೆ ಮಾಡುವಾಗ ಎರಡೂ ಕಡೆಯ ಚುಕ್ಕೆ ಎಣಿಸ್ತಿದ್ದೀನಿ ಅಂತ ಮೆಸೇಜ್ ಹಾಕಿದ. ಹೊರಡೋ ಮುಂಚೆ ಚಿಕ್ಕಮ್ಮನ ಮನೆಗೆ ಊಟಕ್ಕೂ ಬಂದಿದ್ದ.

ಚಿಕ್ಕಮ್ಮ ಹಾಲಿನ ಲೆಕ್ಕ ಬರೆಯೋ ಪುಸ್ತಕದ ಹಿಂದಿನ ಪುಟದಲ್ಲಿ ಎಲ್ಲ ಬರೆಸ್ಕೊಂಡ್ರು. ಕಂಟ್ರೋಲರ್ ವಿಳಾಸ, ಲಾಗಿನ್ ಹೆಸರು, ಯಾವ ವೈರ್ ಎಲ್ಲಿಗೆ, ದೀಪ ಬಿಳಿ ಆದ್ರೆ ಏನು, ನೀಲಿ ಆದ್ರೆ ಏನು. ಪಾಸ್‌ವರ್ಡ್ ಮಾತ್ರ ಬೇರೆ ಚೀಟಿಯಲ್ಲಿ, ಬೀರುವಿನೊಳಗೆ. ಅದರ ಪಕ್ಕ ಬಿಡಿಸ್ಕೊಂಡು ಬಂದ ಬಳೆ ಇದೆ.

ಹೋದ ತಿಂಗಳು ಫೋನ್ ಮಾಡಿದ್ರು. ಎರಡನೇ ಮಹಡಿಯಲ್ಲಿ ಒಂದು ಎಪಿ ಸತ್ತು ಹೋಗಿತ್ತಂತೆ, ಹೊಸದು ತರಿಸಿ ಹಾಕಿಸಿದ್ರಂತೆ. ನಾನು ಗಾಬರಿಯಿಂದ "ಅಯ್ಯೋ, ನಾನು ಶನಿವಾರ ಬರ್ತೀನಿ, ಅಡಾಪ್ಟ್ ಮಾಡ್ಬೇಕು" ಅಂದೆ.

"ಮಾಡಿ ಆಯ್ತು. ಮೂರನೇ ಮಹಡಿ ಹುಡುಗಿ ಕಂಪ್ಯೂಟರ್ ಮುಂದೆ ಕೂತಳು, ನಾನು ಪುಸ್ತಕ ಓದಿ ಹೇಳಿದೆ. ಮೊದಲೇ ಗ್ರೂಪ್‌ನಲ್ಲಿ ಹಾಕಿದ್ವಿ, ಮಧ್ಯಾಹ್ನ ಮೂರರಿಂದ ಮೂರೂಕಾಲು ಅಂತ."

ಅವಳ ಪ್ರೊಬೇಷನ್ ಮುಗಿದು ಕೆಲಸ ಖಾಯಂ ಆಯ್ತಂತೆ. ಅದನ್ನೂ ಚಿಕ್ಕಮ್ಮನೇ ಹೇಳಿದ್ದು.

ನಿಮ್ಮ ಮನೆ ವೈಫೈಯ ಕೀಲಿ ಯಾರ ಹತ್ರ ಇದೆ? ಈ ವಾರ ಒಮ್ಮೆ ಕೇಳಿ ನೋಡಿ. ಮುಂದಿನ ಸಲ ಸಿಗೋಣ.